ಪದ ಪರಿಚಯ: ಡ್ರಾಫ್ಟಿಂಗ್, ಅಂದರೆ ಮುಂದಿನ ಕಾರಿನ ಬೆನ್ನು ಬಿಡದೆ ಓಡೋದು

ಎರಡು ಕಾರು ಒಂದರ ಹಿಂದೊಂದು ಅಂಟಿಕೊಂಡಂತೆ ಓಡಿದರೆ, ಒಂಟಿಯಾಗಿ ಓಡುವುದಕ್ಕಿಂತ ಎರಡೂ ಜೋರಾಗಿ ಓಡುತ್ತವೆ. ಹಿಂದಿನದು ಮಾತ್ರ ಅಲ್ಲ, ಎರಡೂ. ಡ್ರಾಫ್ಟಿಂಗ್ ಅಂದರೆ ಇಷ್ಟೇ. ಆದರೆ ಅಮೆರಿಕದ ನಾಸ್ಕಾರ್ ರೇಸ್‌ಗಳಲ್ಲಿ, ಅದರಲ್ಲೂ ಫ್ಲೋರಿಡಾದ ಡೇಟೋನಾ ಮತ್ತು ಅಲಬಾಮಾದ ಟಾಲಡೆಗಾ ಎಂಬ ಎರಡು ದೊಡ್ಡ ಓವಲ್‌ಗಳಲ್ಲಿ (ಮೊಟ್ಟೆಯಾಕಾರದ ಟ್ರ್ಯಾಕ್‌ಗಳಲ್ಲಿ), ಇಡೀ ವಾರಾಂತ್ಯದ ಲೆಕ್ಕಾಚಾರ ನಿಂತಿರುವುದು ಇದರ ಮೇಲೆಯೇ. ಇದು ಗೊತ್ತಿಲ್ಲದೆ ಟಿವಿ ಮುಂದೆ ಕೂತರೆ, ಸುಮಾರು ನಲವತ್ತು ಕಾರು ಮೂರು ಗಂಟೆಗೂ ಜಾಸ್ತಿ ಹೊತ್ತು ಸುಮ್ನೆ ಎಡಕ್ಕೆ ತಿರುಗುತ್ತಿರುವುದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲು ಗಾಳಿಯ ವಿಷಯ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಬೈಕ್ ಓಡಿಸಿದವರಿಗೆ ಅರ್ಧ ಗೊತ್ತೇ ಇರುತ್ತದೆ. ಎದೆಗೆ ಬಡಿಯುತ್ತಿದ್ದ ಗಾಳಿ ಕಮ್ಮಿಯಾಗಿ, ಗಾಡಿ ಹಗುರಾಗಿ ಓಡತೊಡಗುತ್ತದೆ. (ಇದನ್ನು ಬೇಕಂತಲೇ ಮಾಡಬೇಡಿ, ಲಾರಿ ಬ್ರೇಕ್ ಹಾಕಿದರೆ ಕಥೆ ಮುಗೀತು.) ಮುಂದಿನ ವಾಹನ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಹಿಂದಿನದಕ್ಕೆ ಆ ಕೆಲಸ ತಪ್ಪುತ್ತದೆ. ಇನ್ನರ್ಧ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಜೋರಾಗಿ ಓಡುವ ಕಾರಿನ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಮ್ಮಿ ಇರುತ್ತದೆ, ಅದು ಕಾರನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಹಿಂದೆ ಇನ್ನೊಂದು ಕಾರು ಬಂದು ಆ ಜಾಗ ತುಂಬಿದರೆ ಎಳೆತ ಕಮ್ಮಿಯಾಗುತ್ತದೆ. ಹಾಗಾಗಿ ಮುಂದಿನವನಿಗೂ ಲಾಭ.

ಎಲ್ಲಾ ಓವಲ್‌ನಲ್ಲೂ ಇದು ಇಷ್ಟು ಮುಖ್ಯವಲ್ಲ. ಡೇಟೋನಾದ ಒಂದು ಸುತ್ತು 2.5 ಮೈಲಿ, ಟಾಲಡೆಗಾದ್ದು 2.66 ಮೈಲಿ. ತಿರುವುಗಳಲ್ಲಿ ರಸ್ತೆ 31 ಮತ್ತು 33 ಡಿಗ್ರಿ ವಾಲಿದೆ. ಅಷ್ಟು ಕಡಿದಾಗಿರುವುದರಿಂದ ತಿರುವಿನಲ್ಲೂ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವ ಅಗತ್ಯ ಇಲ್ಲ. ಜೊತೆಗೆ ಎಂಜಿನ್ನಿನ ಉಸಿರನ್ನೂ ಕಟ್ಟಿಟ್ಟಿದ್ದಾರೆ. ಅದಕ್ಕೆ ಕಾರಣ 1987. ಆ ವರ್ಷ ಬಿಲ್ ಎಲಿಯಟ್ ಟಾಲಡೆಗಾದಲ್ಲಿ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿಲೋಮೀಟರ್ ವೇಗದಲ್ಲಿ ಅರ್ಹತಾ ಸುತ್ತು (ರೇಸಿನಲ್ಲಿ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ) ಮುಗಿಸಿದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಅವರ ಕಾರು ಟೈರ್ ಒಡೆದು, ಗಾಳಿಗೆ ಎದ್ದು ಪ್ರೇಕ್ಷಕರ ಮುಂದಿದ್ದ ತಂತಿಬೇಲಿಗೆ ಅಪ್ಪಳಿಸಿತು. ಕೆಲವು ಪ್ರೇಕ್ಷಕರಿಗೆ ಗಾಯವಾಯಿತು. ಇನ್ನಷ್ಟು ಒಳಗೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. 1988ರಿಂದ ಈ ಎರಡೂ ಟ್ರ್ಯಾಕಿನಲ್ಲಿ ರಿಸ್ಟ್ರಿಕ್ಟರ್ ಪ್ಲೇಟ್ ಬಂತು. ಕಾರ್ಬ್ಯುರೇಟರ್ ಕೆಳಗೆ ಕೂರಿಸುವ, ನಾಲ್ಕು ತೂತಿನ ಒಂದು ತಗಡು. ಒಳಗೆ ಹೋಗುವ ಗಾಳಿ ಕಮ್ಮಿಯಾದರೆ ಶಕ್ತಿಯೂ ಕಮ್ಮಿ. 2019ರ ಡೇಟೋನಾ 500 (ಡೇಟೋನಾದ 500 ಮೈಲಿಯ ರೇಸ್) ಆದ ಮೇಲೆ ಪ್ಲೇಟ್ ಹೋಗಿ ಟೇಪರ್ಡ್ ಸ್ಪೇಸರ್ ಅನ್ನೋ ಬೇರೆ ಸಾಮಾನು ಬಂತು, ಕೆಲಸ ಮಾತ್ರ ಅದೇ. 2022ರಲ್ಲಿ ಬಂದ ಹೊಸ ಮಾದರಿಯ ಕಾರಿಗೆ ಬೇರೆ ಬಹುತೇಕ ಟ್ರ್ಯಾಕ್‌ಗಳಲ್ಲಿ 670 ಹಾರ್ಸ್‌ಪವರ್ ಕೊಟ್ಟರೆ ಇಲ್ಲಿ ಕೊಟ್ಟಿದ್ದು 510.

ಪರಿಣಾಮ ಏನು? ಎಲ್ಲರದ್ದೂ ಒಂದೇ ವೇಗ. ಯಾರ ಎಂಜಿನ್ನಿಗೂ ಸ್ವಂತ ಬಲದಿಂದ ತಪ್ಪಿಸಿಕೊಂಡು ಹೋಗುವ ಶಕ್ತಿ ಇಲ್ಲ. ಗುಂಪಿನಿಂದ ಹೊರಬಿದ್ದವನು ಮಾತ್ರ ಬೇಗ ಬೇಗ ಹಿಂದೆ ಬೀಳುತ್ತಾನೆ.

ಅದಕ್ಕೇ ಇಲ್ಲಿನ ಅರ್ಹತಾ ಸುತ್ತನ್ನು ನಾನು ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅಲ್ಲಿ ಒಂದೊಂದೇ ಕಾರು ಖಾಲಿ ಟ್ರ್ಯಾಕಿನಲ್ಲಿ ಓಡುತ್ತದೆ. ಡ್ರಾಫ್ಟ್ ಇಲ್ಲವೇ ಇಲ್ಲ. ಭಾನುವಾರದ ರೇಸಿನಲ್ಲಿ ಅದೇ ಕಾರು ಗುಂಪಿನೊಳಗೆ ಸೇರಿದರೆ ಬೇರೆಯೇ ಪ್ರಾಣಿ. 2000ದಲ್ಲಿ ಡೇಲ್ ಜಾರೆಟ್ ಪೋಲ್‌ನಿಂದ, ಅಂದರೆ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿದವರಿಗೆ ಸಿಗುವ ಮೊದಲ ಜಾಗದಿಂದ ಹೊರಟು ಡೇಟೋನಾ 500 ಗೆದ್ದರು. ಅದಾದ ಮೇಲೆ 2024ರವರೆಗೆ ಪೋಲ್ ಪಡೆದ ಒಬ್ಬರಿಗೂ ಆ ರೇಸ್ ದಕ್ಕಲಿಲ್ಲ!

ಈ ತಂತ್ರವನ್ನು ಬೆಳಕಿಗೆ ತಂದವರು ಎಂಜಿನಿಯರ್ ಅಲ್ಲ, ಜೂನಿಯರ್ ಜಾನ್ಸನ್ ಎಂಬ ಡ್ರೈವರ್. ನಾರ್ತ್ ಕ್ಯಾರೊಲಿನಾದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುತ್ತಾ ಡ್ರೈವಿಂಗ್ ಕಲಿತವರು. ಅದಕ್ಕೆ ಜೈಲಿಗೂ ಹೋಗಿ ಬಂದಿದ್ದರು, 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. 1960ರ ಡೇಟೋನಾ 500ಕ್ಕೆ ಅವರು ತಂದಿದ್ದ ಷೆವ್ರೊಲೆ ಕಾರು ಪಾಂಟಿಯಾಕ್‌ಗಳ ಮುಂದೆ ಸಾಕಷ್ಟು ನಿಧಾನ. ಅಭ್ಯಾಸದ ವೇಳೆ ಒಂದು ಪಾಂಟಿಯಾಕ್ ಹಿಂದೆ ಸೇರಿಕೊಂಡಾಗ, ತನ್ನ ಕಾರೂ ಅದರ ವೇಗದಲ್ಲೇ ಓಡುತ್ತಿರುವುದು ಅವರ ಗಮನಕ್ಕೆ ಬಂತು. ಭಾನುವಾರ ಅದನ್ನೇ ಮಾಡಿದರು. ಜೋರಾದ ಕಾರು ಯಾವುದು ಸಿಗುತ್ತೋ ಅದರ ಬೆನ್ನು ಹಿಡಿದರು. ಕೊನೆಯ ಹೊತ್ತಿಗೆ ಮುಂದಿದ್ದ ಬಾಬಿ ಜಾನ್ಸ್ ಅವರ ಕಾರಿನ ಹಿಂದಿನ ಗಾಜು ಕಿತ್ತುಹೋಗಿ, ಕಾರು ಗಿರ್ರನೆ ತಿರುಗಿತು. ಗೆದ್ದಿದ್ದು ನಿಧಾನದ ಷೆವ್ರೊಲೆ.

ಇದರಿಂದ ಹುಟ್ಟಿದ್ದು ಸ್ಲಿಂಗ್‌ಶಾಟ್. ಹಿಂದೆ ಇದ್ದುಕೊಂಡು, ಗಾಳಿಯ ನೆರಳಿನಲ್ಲಿ ವೇಗ ಕೂಡಿಸಿಕೊಂಡು, ಸರಿಯಾದ ಕ್ಷಣಕ್ಕೆ ಪಕ್ಕಕ್ಕೆ ಸರಿದು ಚಿಮ್ಮಿ ಹೋಗುವುದು. ಆ ಕಾಲದಲ್ಲಿ ಕೊನೆಯ ಸುತ್ತಿನಲ್ಲಿ ಮೊದಲಿಗನಾಗಿರುವುದೇ ತೊಂದರೆ. 1974ರ ಜುಲೈ 4ರಂದು ಡೇಟೋನಾದ ಫೈರ್‌ಕ್ರ್ಯಾಕರ್ 400ರಲ್ಲಿ ಡೇವಿಡ್ ಪಿಯರ್ಸನ್ ಮುಂದಿದ್ದರು, ಹಿಂದೆ ರಿಚರ್ಡ್ ಪೆಟ್ಟಿ. ಕೊನೆಯ ಸುತ್ತು ಶುರುವಾಗುತ್ತಿದ್ದಂತೆ ಪಿಯರ್ಸನ್ ಎಂಜಿನ್ ಕೈಕೊಟ್ಟವರ ಹಾಗೆ ವೇಗ ಇಳಿಸಿಬಿಟ್ಟರು. ಪೆಟ್ಟಿ ದಾಟಿ ಹೋದರು. ಎಂಜಿನ್ನಿಗೆ ಏನೂ ಆಗಿರಲಿಲ್ಲ ನೋಡಿ. ಪಿಯರ್ಸನ್ ಮತ್ತೆ ಪೆಟ್ಟಿಯ ಬೆನ್ನು ಹಿಡಿದು, ರೇಸ್ ಮುಗಿಯುವ ಗೆರೆಯ ಹತ್ತಿರ ಚಿಮ್ಮಿ ಗೆದ್ದರು. ಪೆಟ್ಟಿಗೆ ಸಿಟ್ಟು ಬಂದಿದ್ದರಲ್ಲಿ ತಪ್ಪೇನಿಲ್ಲ, ಆದರೆ ಡ್ರಾಫ್ಟಿಂಗ್‌ನ ಇಷ್ಟು ಚೊಕ್ಕ ಪಾಠ ನನಗೆ ಬೇರೆ ಸಿಕ್ಕಿಲ್ಲ.

ಈಗ ಒಬ್ಬರೇ ಚಿಮ್ಮುವುದು ಕಷ್ಟ. ಸಾಲಿನಿಂದ ಹೊರಗೆ ಬಂದರೆ ಹಿಂದಿನಿಂದ ತಳ್ಳಲು ಇನ್ನೊಂದು ಕಾರು ಬೇಕು. ಹಾಗಾಗಿ ಇದು ವೇಗದ ಆಟಕ್ಕಿಂತ ಜಾಸ್ತಿ ನಂಟಿನ ಆಟ. ಷೆವ್ರೊಲೆಯವರು ಷೆವ್ರೊಲೆಯವರ ಜೊತೆ, ಫೋರ್ಡ್‌ನವರು ಫೋರ್ಡ್‌ನವರ ಜೊತೆ, ಟೊಯೋಟಾದವರು ತಮ್ಮವರ ಜೊತೆ. ಪೆಟ್ರೋಲ್ ಹಾಕಿಸಲು ಪಿಟ್‌ಗೆ ಬರುವುದೂ ಗುಂಪಾಗಿಯೇ. ಒಬ್ಬನೇ ಬಂದು ಒಬ್ಬನೇ ವಾಪಸ್ ಹೋದರೆ ಡ್ರಾಫ್ಟ್ ಸಿಗುವುದಿಲ್ಲ, ಗುಂಪು ಬಂದು ಒಂದು ಸುತ್ತು ಹಿಂದೆ ಹಾಕಿಬಿಡುತ್ತದೆ. ಸ್ಟ್ಯಾಂಡಿನ ಮೇಲೆ ನಿಂತ ಸ್ಪಾಟರ್ ರೇಡಿಯೋದಲ್ಲಿ ಯಾರು ಪಕ್ಕದಲ್ಲಿದ್ದಾರೆ, ಯಾವ ಸಾಲು ಓಡುತ್ತಿದೆ ಅಂತ ಹೇಳುತ್ತಲೇ ಇರುತ್ತಾನೆ. ಸೀಟಿನಲ್ಲಿ ಬಿಗಿದು ಕೂತ ಡ್ರೈವರ್‌ಗೆ ತಲೆ ತಿರುಗಿಸಿ ನೋಡುವುದೂ ಕಷ್ಟ ಅಲ್ವಾ. ಆದರೆ ಈ ನಂಟು ಕೊನೆಯ ಸುತ್ತಿನವರೆಗೆ ಉಳಿಯುತ್ತದೆ ಅಂದುಕೊಳ್ಳಬೇಡಿ. ಹಿಂದಿನಿಂದ ತಳ್ಳುತ್ತಿದ್ದವನಿಗೂ ಟ್ರೋಫಿ ಬೇಕು.

ತಳ್ಳುವವನು ಸಿಕ್ಕರೆ ಏನಾಗುತ್ತದೆ ಅಂತ ನೋಡಬೇಕಾದರೆ 2000ದ ಅಕ್ಟೋಬರ್‌ನ ಟಾಲಡೆಗಾ ರೇಸ್ ನೋಡಿ. ಐದು ಸುತ್ತು ಬಾಕಿ ಇದ್ದಾಗ ಡೇಲ್ ಅರ್ನ್‌ಹಾರ್ಟ್ ಹದಿನೆಂಟರ ಆಸುಪಾಸಿನಲ್ಲಿದ್ದರು. ಕೆನ್ನಿ ವಾಲೇಸ್ ಹಿಂದಿನಿಂದ ತಳ್ಳುತ್ತಾ ಬಂದರು. ಅರ್ನ್‌ಹಾರ್ಟ್ ಗೆದ್ದರು, ವಾಲೇಸ್ ಎರಡನೆಯವರು. ಅದು ಅರ್ನ್‌ಹಾರ್ಟ್ ಅವರ 76ನೇ ಗೆಲುವು, ಕೊನೆಯದೂ ಹೌದು. ಮುಂದಿನ ಫೆಬ್ರವರಿಯಲ್ಲಿ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಗೋಡೆಗೆ ಗುದ್ದಿ ತೀರಿಕೊಂಡರು.

ಜೊತೆಗೆ ಬರುವ ಒಂದೆರಡು ಪದ ಗೊತ್ತಿದ್ದರೆ ಕಾಮೆಂಟರಿ ಅರ್ಥವಾಗುತ್ತದೆ. ಸೈಡ್ ಡ್ರಾಫ್ಟ್ ಅಂದರೆ ಪಕ್ಕದ ಕಾರಿನ ಹಿಂಚಕ್ರದ ಹತ್ತಿರ ಮೂತಿ ತಂದು, ಗಾಳಿಯನ್ನು ಅದರ ಸ್ಪಾಯ್ಲರ್ (ಹಿಂಬದಿಯಲ್ಲಿ ಎದ್ದು ನಿಂತ ಪಟ್ಟಿ) ಮೇಲೆ ತಳ್ಳಿ ಅದನ್ನು ನಿಧಾನ ಮಾಡುವುದು. ಬಂಪ್ ಡ್ರಾಫ್ಟ್ ಅಂದರೆ ಬಂಪರ್‌ಗೆ ಬಂಪರ್ ತಾಗಿಸಿಯೇ ತಳ್ಳುವುದು. ತಾಗಿದ್ದು ಸ್ವಲ್ಪ ಓರೆಯಾದರೆ ಮುಂದಿನ ಕಾರು ತಿರುಗುತ್ತದೆ, ಹಿಂದೆ ಬರುವವರಿಗೆ ಬ್ರೇಕ್ ಹಾಕಲೂ ಜಾಗ ಇರುವುದಿಲ್ಲ, ಒಂದೇ ಏಟಿಗೆ ಹತ್ತು ಹದಿನೈದು ಕಾರು ನುಜ್ಜುಗುಜ್ಜು. ಅದಕ್ಕೆ ಅಲ್ಲಿ "ದ ಬಿಗ್ ಒನ್" ಅನ್ನುತ್ತಾರೆ. ಟಾಲಡೆಗಾಕ್ಕೆ ಹೋಗುವ ಕೆಲವರು ಅದನ್ನೇ ನೋಡಲು ಹೋಗುತ್ತಾರೆ ಅನ್ನೋದು ನನಗೆ ಹಿಡಿಸದ ಸಂಗತಿ.

ಇನ್ನೊಂದು ತಕರಾರು ಇತ್ತೀಚಿನದು. ಡ್ರಾಫ್ಟ್‌ನಲ್ಲಿ ಯಾರೂ ಮುಂದೆ ಓಡಿಹೋಗಲಾರರು ಅಂತಾದ ಮೇಲೆ, ತಂಡಗಳು ರೇಸಿನ ನಡುವೆ ಬೇಕಂತಲೇ ಅರ್ಧ ಆಕ್ಸಿಲರೇಟರ್‌ನಲ್ಲಿ ಓಡಿಸಿ ಇಂಧನ ಉಳಿಸುತ್ತವೆ. ಉಳಿದಷ್ಟು ಇಂಧನ ಪಿಟ್‌ನಲ್ಲಿ ಕಮ್ಮಿ ತುಂಬಿಸಿದರೆ ಸಾಕು, ಆ ಸೆಕೆಂಡುಗಳಲ್ಲಿ ಹತ್ತಾರು ಕಾರು ದಾಟಬಹುದು. ಲೆಕ್ಕ ಸರಿಯೇ. ಆದರೆ ಮೂರು ಸಾಲಿನಲ್ಲಿ ಕಾರುಗಳು ಅಷ್ಟು ಹತ್ತಿರ ಓಡುತ್ತಿದ್ದರೂ ಯಾರೂ ನಿಜವಾಗಿ ರೇಸ್ ಮಾಡುತ್ತಿಲ್ಲ ಅಂತ ಗೊತ್ತಾದಾಗ ಬೇಜಾರಾಗುತ್ತದೆ. ರೇಸ್ ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಕೊನೆಯ ಇಪ್ಪತ್ತು ಸುತ್ತು ನೋಡಿ.

ಮುಂದಿನ ವಾರ ಅದೇ ಡ್ರೈವರ್‌ಗಳು ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ಗೆ ಹೋದರೆ ಈ ಮಾತೆಲ್ಲ ಮರೆತುಬಿಡಬಹುದು. ಅಲ್ಲಿ ಸುತ್ತು ಬರೀ 0.526 ಮೈಲಿ. ಅಲ್ಲಿ ಕೆಲಸಕ್ಕೆ ಬರುವುದು ಬ್ರೇಕು.