ಬೆಟ್ಟ ದಾಟಿದ ಮೇಲೆ 560 ಅಡಿ

1997ರ ಆಗಸ್ಟ್ 6. ರಾತ್ರಿ 1 ಗಂಟೆ 42 ನಿಮಿಷ. ಸೋಲ್‌ನಿಂದ ಬಂದ ಕೊರಿಯನ್ ಏರ್ 801 ವಿಮಾನ ಗುವಾಮ್ ದ್ವೀಪದಲ್ಲಿ ಇಳಿಯುವುದರಲ್ಲಿತ್ತು. ನಾಲ್ಕೂ ಎಂಜಿನ್ ಸರಿಯಾಗಿದ್ದವು. ರನ್‌ವೇ ಇನ್ನೂ ಸುಮಾರು 6 ಕಿಲೋಮೀಟರ್ ಇರುವಾಗಲೇ ನಿಮಿಟ್ಜ್ ಬೆಟ್ಟಕ್ಕೆ ಬಡಿಯಿತು. 254 ಜನರಲ್ಲಿ 228 ಮಂದಿ ಸತ್ತರು.

ಏನೂ ಕೆಡದ ವಿಮಾನ, ಪೈಲಟ್ ಹಿಡಿತದಲ್ಲೇ ಇದ್ದ ವಿಮಾನ, ಬೆಟ್ಟಕ್ಕೆ ಹೋಗಿ ಬಡಿಯೋದು ಹೇಗೆ?

ಇಳಿಯುವ ವಿಮಾನಕ್ಕೆ ರನ್‌ವೇ ಪಕ್ಕದಿಂದ ಹೊರಡುವ ರೇಡಿಯೊ ಅಲೆ ಜಾರುಬಂಡೆಯ ಹಾಗೆ ದಾರಿ ಹಾಸಿಕೊಡುತ್ತದೆ. ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರು. ಇದಕ್ಕೆ ಗ್ಲೈಡ್‌ಸ್ಲೋಪ್ ಅಂತಾರೆ. ಗುವಾಮ್‌ನಲ್ಲಿ ಅವತ್ತು ಅದು ಬಂದ್ ಆಗಿತ್ತು. ಪೈಲಟ್‌ಗಳಿಗೆ ಈ ವಿಷಯ ಮೊದಲೇ ತಿಳಿಸಿದ್ದರು. ಆದರೂ ಅದು ಕೆಲಸ ಮಾಡ್ತಿದೆಯಾ ಅನ್ನೋ ಮಾತು ಕಾಕ್‌ಪಿಟ್‌ನಲ್ಲಿ ಮತ್ತೆ ಮತ್ತೆ ಬಂತು.

ಜಾರುಬಂಡೆ ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಇಷ್ಟು ದೂರದಲ್ಲಿ ಇಷ್ಟು ಎತ್ತರ, ಅದಕ್ಕಿಂತ ಕೆಳಗೆ ಬೇಡ ಅನ್ನೋ ಲೆಕ್ಕ. ಗುವಾಮ್‌ನಲ್ಲಿ ಆ ದೂರ ಹೇಳುವ ರೇಡಿಯೊ ಕೇಂದ್ರ ರನ್‌ವೇ ಹತ್ತಿರ ಇರಲಿಲ್ಲ. ಇದೇ ನಿಮಿಟ್ಜ್ ಬೆಟ್ಟದ ಮೇಲಿತ್ತು! ಮೀಟರ್ ಸೊನ್ನೆಗೆ ಬಂದರೆ ರನ್‌ವೇ ಬಂತು ಅಂತಲ್ಲ, ಬೆಟ್ಟ ಬಂತು ಅಂತ. ಅಲ್ಲಿಯವರೆಗೆ 1440 ಅಡಿಗಿಂತ ಕೆಳಗಿಳಿಯುವಂತಿಲ್ಲ. ದಾಟಿದ ಮೇಲೆ 560. ಈ ವಿಮಾನ ದಾಟುವ ಮುಂಚೆಯೇ 560ರ ಕಡೆಗೆ ಇಳಿಯುತ್ತಿತ್ತು. ಬಡಿದ ಜಾಗ ಸುಮಾರು 650 ಅಡಿ ಎತ್ತರದಲ್ಲಿದೆ.

ಬೆಟ್ಟ ಕಣ್ಣಿಗೆ ಕಾಣಲಿಲ್ವಾ? ಕತ್ತಲೆ, ಜೊತೆಗೆ ಮಳೆ. ಮಳೆ ಇಲ್ಲದ ರಾತ್ರಿಯಲ್ಲೂ ಕಣ್ಣನ್ನು ನಂಬೋದು ಕಷ್ಟವೇ. ಬೋಯಿಂಗ್ ಕಂಪನಿಯಲ್ಲಿದ್ದ ಕಾನ್ರಾಡ್ ಕ್ರಾಫ್ಟ್ ಇದನ್ನು ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿದ್ದರು. ಕೆಳಗೆ ಬರೀ ಕತ್ತಲು, ದೂರದಲ್ಲಿ ಊರಿನ ದೀಪಗಳು, ಎತ್ತರ ತೋರಿಸುವ ಮೀಟರ್ ಇಲ್ಲ. ಪಳಗಿದ ಪೈಲಟ್‌ಗಳೇ ತಮಗೆ ಗೊತ್ತಾಗದ ಹಾಗೆ ತೀರಾ ಕೆಳಗೆ ಬಂದುಬಿಟ್ಟರು. ನಡುವೆ ಮರ, ಮನೆ, ರಸ್ತೆ ಏನೂ ಕಾಣದಿದ್ದರೆ ಎತ್ತರ ಅಳೆಯಲು ಮಿದುಳಿಗೆ ಆಧಾರವೇ ಸಿಗೋದಿಲ್ಲ.

ನೆಲ ಹತ್ತಿರವಾದರೆ ಕೂಗುವ ಉಪಕರಣ ವಿಮಾನದಲ್ಲಿತ್ತು. ಆದರೆ ಅದು ನೇರ ಕೆಳಗೆ ಮಾತ್ರ ನೋಡುತ್ತಿತ್ತು. ಎದುರಿನ ಬೆಟ್ಟ ಅದಕ್ಕೆ ತಿಳಿಯದು. ಈಗಿನವು ಭೂಪಟವನ್ನೇ ಒಳಗಿಟ್ಟುಕೊಂಡು ಮುಂದಿನದನ್ನೂ ಹೇಳುತ್ತವೆ. ಇನ್ನು ಕೆಳಗಿನ ರಾಡಾರ್ ಕೇಂದ್ರದಲ್ಲೂ ಇಂಥದೇ ಒಂದು ಅಲಾರಂ ಇತ್ತು. ಸುಮ್ಸುಮ್ನೆ ಬಡಿದುಕೊಳ್ಳುತ್ತೆ ಅಂತ ಅದರ ಬಾಯಿ ಕಟ್ಟಿದ್ದರು.

ಇಳಿಯೋದು ಬೇಡ, ಮೇಲೆ ಹೋಗೋಣ ಅಂತ ಕೋ-ಪೈಲಟ್ ಹೇಳಿದಾಗ ಉಳಿದಿದ್ದು ಕೆಲವೇ ಸೆಕೆಂಡ್.