ಡೀಸೆಲ್ ಕರಗುತ್ತದೆ, ಸೀಸ ಕರಗಲ್ಲ

ಹೋದ ವರ್ಷ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಕಡೆಯಿಂದ ಒಬ್ಬ ಹಿರಿಯರು ಹಾಲಿನ ಕವರಿನಲ್ಲಿ ಮಣ್ಣು ಕಟ್ಟಿಕೊಂಡು ನಮ್ಮ ಲ್ಯಾಬಿಗೆ ಬಂದಿದ್ದರು. ಬಹಳ ವರ್ಷ ಗ್ಯಾರೇಜಿಗೆ ಬಾಡಿಗೆ ಕೊಟ್ಟಿದ್ದ ಸೈಟು, ಈಗ ಖಾಲಿ. "ಸೊಪ್ಪು ಬೆಳೀಬೇಕು ಅಂತ ಆಸೆ ಮೇಡಂ. ಮೊದಲು ಸಾಸಿವೆ ಹಾಕಿದ್ರೆ ವಿಷ ಎಲ್ಲಾ ಎಳ್ಕೊಳ್ಳುತ್ತಂತೆ, ಹೌದಾ?"

ಮಣ್ಣು ಕಪ್ಪಗಿತ್ತು. ಮೇಲೆ ಎರಡು ಹನಿ ನೀರು ಬಿಟ್ಟೆ. ಒಳಗೆ ಇಳಿಯದೆ ಕೆಸುವಿನೆಲೆ ಮೇಲಿನ ಹಾಗೆ ಉರುಳಿ ಹೋಯಿತು. ಹಳೇ ಎಂಜಿನ್ ಆಯಿಲ್ ವಾಸನೆ. ಸೈಟಿನ ಒಂದು ಮೂಲೆಯಲ್ಲಿ ಬ್ಯಾಟರಿ ಬಿಚ್ಚುತ್ತಿದ್ದರಂತೆ. ಅಲ್ಲಿನ ಮಣ್ಣಿನಲ್ಲಿ ಸೀಸವೂ ಸಿಕ್ಕಿತು.

ಎಣ್ಣೆಯ ಕೊಳೆ ಬೇರೆ, ಲೋಹದ ಕೊಳೆ ಬೇರೆ. ಇದನ್ನು ಬಿಡಿಸಿ ನೋಡದೆ ಗಿಡ ನೆಟ್ಟರೆ ಸುಮ್ನೆ ವರ್ಷಗಳು ಹೋಗುತ್ತವೆ.

ಎಣ್ಣೆ ಬ್ಯಾಕ್ಟೀರಿಯಾಗಳಿಗೆ ಊಟ. ಸೂಡೊಮೊನಾಸ್‌ನಂಥವು ಡೀಸೆಲ್ ತಿಂದು ಕೊನೆಗೆ ನೀರು, ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ. ಬಾಟಲಿಯಲ್ಲಿ ಕೊಂಡು ತಂದು ಸುರಿಯುವ ಅಗತ್ಯ ಬಹಳ ಸಲ ಇರುವುದಿಲ್ಲ, ಅವು ಆ ಮಣ್ಣಲ್ಲೇ ಇರುತ್ತವೆ. ಆದರೆ ಬರೀ ಎಣ್ಣೆಯಲ್ಲಿ ಅವಕ್ಕೆ ಹೊಟ್ಟೆ ತುಂಬಲ್ಲ. ಸಾರಜನಕ, ರಂಜಕ ಬೇಕು. ಗಾಳಿ, ತೇವ ಬೇಕು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಅಲಾಸ್ಕದ ದಡಕ್ಕೆ ಬಡಿದಾಗಲೂ ಗೊಬ್ಬರ ಹಾಕಿ ಅಲ್ಲಿನ ಬ್ಯಾಕ್ಟೀರಿಯಾಗಳನ್ನೇ ಬೆಳೆಸಿದ್ದರು.

ನಾವೂ ಅದನ್ನೇ ಮಾಡಿದೆವು. ಎಣ್ಣೆ ಮಣ್ಣನ್ನು ಅಗೆದು ಟಾರ್ಪಾಲಿನ ಮೇಲೆ ಹರಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ವಾರಕ್ಕೊಮ್ಮೆ ಮಗುಚಿದೆವು. ಮಳೆ ಬಂದರೆ ಮುಚ್ಚಿದೆವು. ವಾಸನೆ ಇಳಿದ ಮೇಲೆ ಹುಲ್ಲು ಹಾಕಿದೆವು. ಬೇರಿನಿಂದ ಸಕ್ಕರೆಯಂಥ ಪದಾರ್ಥಗಳು ಜಿನುಗುತ್ತವೆ, ಅದಕ್ಕೆ ಬೇರಿನ ಸುತ್ತ ಬ್ಯಾಕ್ಟೀರಿಯಾ ಜಾಸ್ತಿ. ಕೆಲವು ತಿಂಗಳಲ್ಲಿ ಅದೇ ಮಣ್ಣಿಗೆ ನೀರು ಇಂಗತೊಡಗಿತು. ಎರೆಹುಳು ಕಂಡ ದಿನ ಅವರು ಫೋನ್ ಮಾಡಿದ್ದರು.

ಸೀಸದ ಕತೆ ಹಾಗಲ್ಲ. ಅದು ಮೂಲಧಾತು, ಯಾವ ಜೀವಿಯೂ ಅದನ್ನು ಮುರಿಯಲಾರದು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಸಿಗುವ ಕ್ರೋಮಿಯಂ ಕೂಡ ಹಾಗೇ. ಕೆಲವು ಬ್ಯಾಕ್ಟೀರಿಯಾ ಅದರ ವಿಷದ ರೂಪವನ್ನು ಕಡಿಮೆ ವಿಷದ, ಸುಲಭವಾಗಿ ಕರಗದ ರೂಪಕ್ಕೆ ತಿರುಗಿಸಬಲ್ಲವು, ಅಷ್ಟೇ. ಲೋಹ ಹೀರುವ ಗಿಡಗಳಿವೆ, ನಿಜ. ಆರ್ಸೆನಿಕ್ ಎಳೆದುಕೊಳ್ಳುವ ಒಂದು ಜರೀಗಿಡದ ಬಗ್ಗೆ 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ಬರೆದರು. ನಮ್ಮ ಹಳೇ ಗೋಡೆಗಳ ಸಂದಿಯಲ್ಲಿ ಬೆಳೆಯುವ ಜಾತಿಯೇ ಅದು! ಸಾಸಿವೆಯೂ ಸೀಸ ಹೀರುತ್ತದೆ. ಆದರೆ ಸೀಸ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಗಿಡಕ್ಕೆ ಸಿಗುವುದು ಸ್ವಲ್ಪವೇ. ಅದನ್ನು ಸಡಿಲಿಸಲು ರಾಸಾಯನಿಕ ಸುರಿಯುವವರಿದ್ದಾರೆ. ಬೋರ್‌ವೆಲ್ ನಂಬಿದ ಊರಲ್ಲಿ ನಾನು ಅದಕ್ಕೆ ಒಪ್ಪಲ್ಲ, ಸೀಸ ಕೆಳಗಿನ ನೀರಿಗೆ ಇಳಿದೀತು.

"ಹಾಗಾದ್ರೆ ಆ ಸಾಸಿವೆ ಸೊಪ್ಪನ್ನ ಹಸುವಿಗಾದ್ರೂ ಹಾಕಬಹುದಲ್ವಾ?"

"ಬೇಡ ಸಾರ್. ಹಸುವಿಗೂ ಬೇಡ, ಗೊಬ್ಬರದ ಗುಂಡಿಗೂ ಬೇಡ, ಸುಡೋದೂ ಬೇಡ. ಮಣ್ಣಲ್ಲಿದ್ದ ವಿಷ ಈಗ ಎಲೆಯಲ್ಲಿರುತ್ತೆ."

ಬ್ಯಾಟರಿ ಮೂಲೆಗೆ ರಂಜಕದ ಗೊಬ್ಬರ ಬೆರೆಸಿದೆವು, ಸೀಸ ಅದರ ಜೊತೆ ಸೇರಿ ಬಿಗಿಯಾಗಿ ಕೂರುತ್ತದೆ. ಮೇಲೆ ಒತ್ತಾಗಿ ಲಾವಂಚ ನೆಟ್ಟೆವು, ಧೂಳು ಏಳದಿರಲಿ ಅಂತ. ಆ ಮೂಲೆಗೆ ಮೊಮ್ಮಕ್ಕಳು ಹೋಗದ ಹಾಗೆ ಬೇಲಿ ಹಾಕಿಸಿದ್ದಾರೆ. ದಂಟು, ಮೆಂತ್ಯ ಎಲ್ಲಾ ಹೊರಗಿನಿಂದ ತಂದ ಕೆಮ್ಮಣ್ಣು ತುಂಬಿದ ಡ್ರಮ್ಮುಗಳಲ್ಲಿ, ತಾರಸಿಯ ಮೇಲೆ ಬೆಳೆಯುತ್ತಿವೆ.