ಕೊನೆಯ ಸೈನಿಕನ ಫೋಟೋ ನೋಡಿ ತೀರ್ಮಾನಿಸಬೇಡಿ

ಅಂತರರಾಷ್ಟ್ರೀಯ ರಾಜಕೀಯದ ಪಾಠದಲ್ಲಿ ಅಫ್ಘಾನಿಸ್ತಾನ ಬಂತೆಂದರೆ ಹುಡುಗರ ಪ್ರಶ್ನೆ ಒಂದೇ: 'ಸರ್, ಅಷ್ಟು ದೊಡ್ಡ ರಷ್ಯಾದವರು ಅಲ್ಲಿಗೆ ಹೋಗಿದ್ದಾದರೂ ಯಾಕೆ?' ಆಗ ನಾನು ಒಂದು ಹಾಳೆಯ ವಿಷಯ ತೆಗೆಯುತ್ತೇನೆ.

1979ರ ಡಿಸೆಂಬರ್ 12ರ ಹಾಳೆ ಅದು. ಮಾಸ್ಕೋದಲ್ಲಿ ಸೋವಿಯತ್ ಪಕ್ಷದ ನಾಯಕ ಚೆರ್ನೆಂಕೊ ಕೈಯಲ್ಲೇ ಬರೆದದ್ದು. ತಲೆಬರಹದಲ್ಲಿ 'ಅ'ದ ಪರಿಸ್ಥಿತಿ ಅಂತಷ್ಟೇ ಇದೆ, ದೇಶದ ಪೂರ್ತಿ ಹೆಸರಿಲ್ಲ. ಸೈನ್ಯ ಕಳಿಸುವ ಮಾತೂ ಇಲ್ಲ, ಬರೀ 'ಕ್ರಮಗಳು'. ಕೆಳಗೆ ಸೋವಿಯತ್ ಒಕ್ಕೂಟದ ಮುಖ್ಯಸ್ಥ ಬ್ರೆಜ್ನೆವ್ ಮತ್ತಿತರರ ಸಹಿ. ಒಂಬತ್ತು ವರ್ಷದ ಯುದ್ಧ ಶುರುವಾಗಿದ್ದು ಇಷ್ಟರಿಂದ.

ತಮಾಷೆ ಎಂದರೆ, ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ನಾಯಕರು ಸೈನ್ಯ ಕಳಿಸೋದು ಬೇಡ ಅಂದಿದ್ದರು. ಅಫ್ಘಾನಿಸ್ತಾನದ ಹೆರಾತ್ ನಗರದಲ್ಲಿ ದಂಗೆ ಎದ್ದಾಗ ಅಫ್ಘನ್ ನಾಯಕ ತರಾಕಿ ಫೋನ್ ಮಾಡಿ ಗೋಗರೆದರು. ನಿಮ್ಮ ಉಜ್ಬೆಕ್, ತಾಜಿಕ್ ಸೈನಿಕರನ್ನೇ ಕಳಿಸಿ, ಯಾರಿಗೂ ಗುರುತು ಸಿಗಲ್ಲ ಎಂದರು. ಸೋವಿಯತ್ ಪ್ರಧಾನಿ ಕೊಸಿಗಿನ್ ಒಪ್ಪಲಿಲ್ಲ. ಆಮೇಲೆ ತರಾಕಿಯನ್ನು ಅವರದೇ ಪಕ್ಷದ ಅಮೀನ್ ಕೊಲ್ಲಿಸಿದ. ಈತ ಎಲ್ಲಿ ಅಮೆರಿಕದ ಕಡೆ ವಾಲುತ್ತಾನೋ ಅನ್ನೋ ಅನುಮಾನ ಮಾಸ್ಕೋಗೆ ಹತ್ತಿತು. ಡಿಸೆಂಬರ್ 27ರಂದು ಸೋವಿಯತ್ ಪಡೆಗಳು ಅಮೀನ್‌ನನ್ನು ಅರಮನೆಯಲ್ಲೇ ಮುಗಿಸಿದವು. ಹೊರಟಿದ್ದು ಒಬ್ಬ ನಾಯಕನನ್ನು ಬದಲಿಸೋಕೆ, ತಲೆ ಮೇಲೆ ಬಿದ್ದಿದ್ದು ಇಡೀ ದೇಶ.

ಹೊರಬರೋದು ಅಷ್ಟು ಸುಲಭ ಇರಲಿಲ್ಲ. 1985ರಲ್ಲಿ ಅಧಿಕಾರಕ್ಕೆ ಬಂದ ಗೊರ್ಬಚೆವ್‌ಗೆ ಈ ಯುದ್ಧ ಬೇಡವಾಗಿತ್ತು. ಆದರೂ ಸೈನ್ಯ ವಾಪಸ್ ಕರೆಸಿಕೊಳ್ಳುವ ಜಿನೀವಾ ಒಪ್ಪಂದ ಆಗಿದ್ದು 1988ರ ಏಪ್ರಿಲ್‌ನಲ್ಲಿ. 1989ರ ಫೆಬ್ರವರಿ 15ರಂದು ಕೊನೆಯ ಸೈನಿಕನಾಗಿ ಸೋವಿಯತ್ ಜನರಲ್ ಗ್ರೊಮೊವ್ ಗಡಿಯ ತೆರ್ಮೆಜ್ ಸೇತುವೆ ದಾಟಿದ್ದನ್ನು ಜಗತ್ತೇ ನೋಡಿತು. ಅಷ್ಟರಲ್ಲಿ ಸುಮಾರು 15,000 ಸೋವಿಯತ್ ಸೈನಿಕರು ಸತ್ತಿದ್ದರು. ಸತ್ತ ಅಫ್ಘನ್ನರು ಲಕ್ಷಗಟ್ಟಲೆ.

ಇನ್ನು ಮಾಸ್ಕೋ ಬೆಂಬಲದ ಅಫ್ಘನ್ ಅಧ್ಯಕ್ಷ ನಜೀಬುಲ್ಲಾ ಸರ್ಕಾರ ನಾಳೆ ಬೀಳುತ್ತೆ, ನಾಡಿದ್ದು ಬೀಳುತ್ತೆ ಅಂತಲೇ ಎಲ್ಲರ ಲೆಕ್ಕ. ಬೀಳಲಿಲ್ಲ. ಮಾರ್ಚ್‌ನಲ್ಲಿ ಜಲಾಲಾಬಾದ್ ನಗರದ ಮೇಲೆ ಬಿದ್ದ ಮುಜಾಹಿದೀನ್ ಬಂಡುಕೋರರು ಸೋತು ವಾಪಸ್ಸಾದರು. ಸೈನಿಕರು ಹೋಗಿದ್ದರೂ ಸೋವಿಯತ್ ಗೋಧಿ, ಇಂಧನ, ಸ್ಕಡ್ ಕ್ಷಿಪಣಿ ಬರುತ್ತಲೇ ಇದ್ದವು. ದೊಸ್ತುಂನಂಥ ಸೇನಾ ನಾಯಕರಿಗೆ ಕೊಡೋಕೆ ದುಡ್ಡೂ ಇತ್ತು. 1992ರ ಜನವರಿ 1ರಿಂದ ಸರ್ಕಾರ, ಮುಜಾಹಿದೀನ್ ಎರಡೂ ಕಡೆಯವರಿಗೆ ಆಯುಧ ಕೊಡೋದು ನಿಲ್ಲಿಸಬೇಕು ಅಂತ ಮಾಸ್ಕೋ, ವಾಷಿಂಗ್ಟನ್ ಮಾತಾಡಿಕೊಂಡವು. ಆ ದಿನ ಬರುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ದೊಸ್ತುಂ ತಿರುಗಿ ಬಿದ್ದ. ಏಪ್ರಿಲ್‌ಗೆ ನಜೀಬ್ ಆಟ ಮುಗಿಯಿತು.

ಅದಕ್ಕೇ ನಾನು ಹುಡುಗರಿಗೆ ಸೈನ್ಯ ಹೋದ ತಾರೀಖು ಬಿಡಿ, ಸಾಮಾನು ನಿಂತ ತಾರೀಖು ಹುಡುಕಿ ಅನ್ನುತ್ತೇನೆ.

2021ರಲ್ಲಿ ಇದೇ ತಿರುವುಮುರುವು ಆಯಿತು. 2020ರ ದೋಹಾ ಒಪ್ಪಂದ ಅಮೆರಿಕ ಮತ್ತು ತಾಲಿಬಾನ್ ನಡುವಿನದು. ಕಾಬೂಲ್ ಸರ್ಕಾರಕ್ಕೆ ಅಲ್ಲಿ ಕುರ್ಚಿಯೇ ಇರಲಿಲ್ಲ. ಕೊನೆಯ ಅಮೆರಿಕನ್ ಸೈನಿಕ ವಿಮಾನ ಹತ್ತಿದ್ದು ಆಗಸ್ಟ್ 30ರಂದು. ಸರ್ಕಾರ ಬಿದ್ದು ಆಗಲೇ ಹದಿನೈದು ದಿನ ಆಗಿತ್ತು!

ಬೈಡನ್ ಅವಸರ ಮಾಡಿದರು ಅಂತ ಬೈಯೋರು ಜಾಸ್ತಿ. ನನಗೆ ಕಾಣೋದು ಅದಕ್ಕಿಂತ ಹಳೆಯ ತಪ್ಪು. ಅಫ್ಘನ್ನರಿಗೆ ರಷ್ಯಾದ ಎಂಐ-17 ಹೆಲಿಕಾಪ್ಟರ್ ಅಭ್ಯಾಸ ಇತ್ತು, ರಿಪೇರಿ ಬಹುಪಾಲು ತಾವೇ ಮಾಡಿಕೊಳ್ಳುತ್ತಿದ್ದರು. ಅದನ್ನು ಬಿಡಿಸಿ ತನ್ನ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಕೊಡೋಕೆ ಅಮೆರಿಕ ಹೊರಟಿತು. ಅದರ ರಿಪೇರಿಗೆ ವಿದೇಶಿ ಗುತ್ತಿಗೆದಾರರೇ ಬೇಕು. ಸೈನಿಕರ ಜೊತೆ ಆ ಗುತ್ತಿಗೆದಾರರೂ ಗಂಟುಮೂಟೆ ಕಟ್ಟಿದರು. ಸಂಬಳ ಸಿಗದೆ, ಊಟವೂ ಸರಿಯಾಗಿ ತಲುಪದೆ ದೂರದ ಠಾಣೆಗಳಲ್ಲಿ ಕೂತಿದ್ದ ಸೈನಿಕರಿಗೆ ಗುಂಡು, ಔಷಧಿ ಹೊತ್ತು ತರಬೇಕಾಗಿದ್ದು ಅದೇ ಹೆಲಿಕಾಪ್ಟರ್‌ಗಳು.